ಅಳಿಯಕಟ್ಟು, ಜೀನು ಮತ್ತು ನಿಮ್ಮ ಸೋದರಮಾವ

ಪ್ರಿಯರೇ,

ಮಂಜೇಶ್ವರದಿಂದ ನೀವು ಕಳಿಸಿದ ಅಳಿಯಕಟ್ಟಿನ (ಆಸ್ತಿ ಮಗನಿಗಲ್ಲ, ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ ಹೋಗುವ ಪದ್ಧತಿ) ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ.

ನಿಮ್ಮ ವಾದ ಇಷ್ಟು. ಹೆಂಡತಿಯ ಮಗು ತನ್ನದೇ ಎಂಬ ಖಾತ್ರಿ ಗಂಡಸಿಗಿಲ್ಲ, ತಂಗಿಯ ಮಗು ತನ್ನ ರಕ್ತ ಎಂಬುದು ಖಾತ್ರಿ, ಅದಕ್ಕೇ ಆಸ್ತಿ ಅಳಿಯನಿಗೆ. ಇದು ಜೀವವಿಜ್ಞಾನಿ ರಿಚರ್ಡ್ ಅಲೆಕ್ಸಾಂಡರ್ 1974ರಲ್ಲೇ ಮುಂದಿಟ್ಟ ವಿಚಾರ, ಅವರ ಹೆಸರು ಹಾಕಬೇಕಿತ್ತು. ಲೆಕ್ಕವನ್ನೂ ಮಾಡಬೇಕಿತ್ತು. ಸ್ವಂತ ಮಗನಲ್ಲಿ ನಮ್ಮ ಜೀನು ಅರ್ಧ, ಒಡಹುಟ್ಟಿದ ತಂಗಿಯ ಮಗನಲ್ಲಿ ಕಾಲು. ಆದರೆ ತಂಗಿಯ ಅಪ್ಪ ಯಾರೆಂಬುದಕ್ಕೂ ಅದೇ ಅನುಮಾನ ಉಂಟು, ಅಪ್ಪ ಬೇರೆಯಾದರೆ ಆ ಕಾಲೂ ಉಳಿಯದು, ಅಲ್ವಾ? ಲೆಕ್ಕ ಹಾಕಿದರೆ, ನೂರು ಮಕ್ಕಳಲ್ಲಿ ಗಂಡನವು ಸುಮಾರು 27ಕ್ಕಿಂತ ಕಡಿಮೆ ಇದ್ದರಷ್ಟೇ ಅಳಿಯ ಮಗನಿಗಿಂತ ಹತ್ತಿರದವನಾಗುತ್ತಾನೆ. ನಿಮ್ಮ ಅಜ್ಜಿಯ ಕಾಲದ ಬಗ್ಗೆ ಹೀಗೆ ಬರೆಯುವ ಧೈರ್ಯ ನಿಮಗಿದೆಯೇ? ನನಗಂತೂ ಇಲ್ಲ.

ಇನ್ನು ನಮ್ಮೂರನ್ನೇ ನೋಡಿ. ಬಂಟರ ಮನೆ ಅಳಿಯಕಟ್ಟು, ತೋಡು ದಾಟಿದರೆ ನಮ್ಮ ಹವ್ಯಕರ ಮನೆ ಮಕ್ಕಳಕಟ್ಟು. ಅದೇ ಮಳೆ, ಅದೇ ಅಡಿಕೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದ ಹೆಣ್ಣುಮಕ್ಕಳಿಂದ ಹೊರಟ ಕವಲುಗಳಿಗೆ) ಪಾಲು ಕೇಳುವ ದಾರಿ ಮಾಡಿತು. 1956ರಲ್ಲಿ ನಮ್ಮೂರು ಕೇರಳಕ್ಕೆ ಸೇರಿತು, 1975ರ ಕೇರಳ ಕಾಯ್ದೆ ಅವಿಭಕ್ತ ಕುಟುಂಬವನ್ನೇ ತೆಗೆದುಹಾಕಿತು. ಈಗ ಅಪ್ಪನ ತೋಟ ಮಕ್ಕಳಿಗೆ. ಅಷ್ಟರಲ್ಲಿ ಜೀನು ಬದಲಾಯಿತೇ?

ಮನಸ್ಸು ಹಳೆಯದೇ, ಸಂದರ್ಭಕ್ಕೆ ತಕ್ಕಂತೆ ನಡತೆ ಬದಲಾಗುತ್ತದೆ ಎಂದು ವಿಕಾಸವಾದಿ ಮನಶ್ಶಾಸ್ತ್ರದವರು, ಅಂದರೆ ಮನಸ್ಸೂ ದೇಹದಂತೆ ವಿಕಾಸದಲ್ಲಿ ರೂಪುಗೊಂಡಿತು ಎನ್ನುವವರು, ಉತ್ತರ ಕೊಡುತ್ತಾರೆ. ಮನಸ್ಸು ಬರೀ ಖಾಲಿ ಹಲಗೆಯಲ್ಲ ಎಂದು ಅವರಲ್ಲೇ ಇಬ್ಬರು, ಟೂಬಿ ಮತ್ತು ಕಾಸ್ಮಿಡಿಸ್, 1992ರಲ್ಲಿ ಸಮಾಜಶಾಸ್ತ್ರಜ್ಞರ ಜೊತೆ ಜಗಳವಾಡಿದ್ದು ನನಗೆ ಒಪ್ಪಿಗೆಯೇ. ಆದರೆ ಆಗ ಭಾರವೆಲ್ಲ ಸಂದರ್ಭದ ಮೇಲೆ ಬೀಳುತ್ತದೆ. ಗೇಣಿ, ಯಜಮಾನಿಕೆ, ಕೋರ್ಟು. ಅದಕ್ಕೆ ನೀವು ಕೊಟ್ಟಿದ್ದು ಅರ್ಧ ಸಾಲು.

ಅಳಿಯಕಟ್ಟು ಹುಟ್ಟಿದ್ದು ಹೇಗೆಂದು ತುಳುನಾಡಿನಲ್ಲಿ ಹೇಳುವ ರಾಜ ಭೂತಾಳ ಪಾಂಡ್ಯನ ಕತೆಗೆ ಮೊದಲ ಪುಟದಲ್ಲೇ ನಕ್ಕಿದ್ದೀರಿ. ಭೂತ ಬಲಿ ಕೇಳಿತು, ಹೆಂಡತಿ ಮಕ್ಕಳನ್ನು ಕೊಡಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು, ಅದಕ್ಕೇ ಆಸ್ತಿ ಅಳಿಯನಿಗೆ. ನಿಮ್ಮದೂ ಅಂಥದ್ದೇ ಕತೆ, ಭೂತದ ಜಾಗದಲ್ಲಿ ಜೀನು ಕೂತಿದೆ ಅಷ್ಟೇ.

ನಾಲ್ಕನೇ ಪುಟ ಮಾತ್ರ ಬೇರೆ. ಪಾಲಿನ ದಿನ ಸೋದರಮಾವ ಚಾವಡಿಯಲ್ಲಿ ಕೂತು ಸ್ವಂತ ಮಗನ ಮುಖ ನೋಡಲಿಲ್ಲ ಎಂದಿದ್ದೀರಿ. ಲೇಖನ ಅಲ್ಲಿಂದ ಶುರುವಾಗಲಿ. ತನ್ನ ಸ್ವಂತ ಸಂಪಾದನೆಯಲ್ಲಿ ಮಗನಿಗೆ ಗುಟ್ಟಾಗಿ ಏನಾದರೂ ಕೊಡುತ್ತಿದ್ದರೇ? ಅಮ್ಮನನ್ನು ಕೇಳಿ. ಪಾಲುಪಟ್ಟಿ ಮನೆಯಲ್ಲಿದ್ದರೆ ಓದಿ ನೋಡಿ. ಎರಡು ತಿಂಗಳು ಬಿಟ್ಟು ಕಳಿಸಿದರೂ ಸಾಕು.