‘ಸಾರಿ’ ಹೇಳಿಸಿದರೂ ಮಕ್ಕಳು ಮತ್ತೆ ಬಡಿದಾಡ್ತಾರೆ, ಏನು ಮಾಡಲಿ?

ಪ್ರಶ್ನೆ: ಗದಗ ಹತ್ತಿರದ ಹಳ್ಳಿಯಲ್ಲಿ ಹೊಸದಾಗಿ ಅಂಗನವಾಡಿ ಕಾರ್ಯಕರ್ತೆ ಆಗಿದ್ದೇನೆ. 3ರಿಂದ 5 ವರ್ಷದ 18 ಮಕ್ಕಳು. ಚೆಂಡು, ಜೋಕಾಲಿ ಅಂದರೆ ಕಸಗೊಂಡು ಬಡಿದಾಡ್ತಾರೆ. ‘ಸಾರಿ’ ಹೇಳಿಸಿದರೂ ಎರಡು ನಿಮಿಷಕ್ಕೆ ಮತ್ತೆ ಅದೇ.

ಅಕ್ಕಾರ, ಮೊದಲು ಆ ‘ಸಾರಿ’ ಬಿಡ್ರಿ. ಈ ವಯಸ್ಸಿಗೆ ಅದು ದಂಡ ಕಟ್ಟಿದಂಗ, ಕಟ್ಟಿದರೆ ಮುಗೀತು. ಜಗಳ ಆದಾಗ ಮೊದಲು ಪೆಟ್ಟು ತಿಂದ ಕೂಸನ್ನು ನೋಡ್ರಿ. ಬಡಿದವನ ಕೈ ಹಿಡಿದು, ಅವನ ಎತ್ತರಕ್ಕೆ ಕೂತು, ‘ಸಿಟ್ಟು ಬಂದೈತಿ. ಬಡಿಯಾಕ ಬಿಡೂದಿಲ್ಲ’ ಅಂದರೆ ಸಾಕು. ಆಮೇಲೆ ಪೆಟ್ಟಾದಲ್ಲಿ ಇಡಾಕ ಅವನ ಕೈಯಿಂದಲೇ ಹಸಿ ಬಟ್ಟೆ ತರಿಸ್ರಿ. ಅಳುವ ಹೊತ್ತಿಗೆ ಬುದ್ಧಿಮಾತು ಕಿವಿಗೆ ಇಳಿಯೋದಿಲ್ಲ.

ಕಲಿಸೋದು ಎಲ್ಲರೂ ತಣ್ಣಗಿದ್ದಾಗ. ದಿನಾ ಬೆಳಿಗ್ಗೆ ಐದು ನಿಮಿಷ, ಎರಡು ಗೊಂಬೆ, ಒಂದು ಚೆಂಡು. ಗುಂಡ್ಯಾ ಚೆಂಡು ಕಸಗೊಂಡ, ಈಗ ಚಿನ್ನಿ ಏನನ್ನಬೇಕು? ಮೂರೇ ಮಾತು ಸಾಕು: ‘ನಂದು ಇನ್ನೂ ಮುಗಿದಿಲ್ಲ’, ‘ನಿಂದು ಆದಮ್ಯಾಲ ನನಗ ಕೊಡು’, ‘ಬಡೀಬ್ಯಾಡ’. ‘ಬಡಿಯೋದು ತಪ್ಪಲ್ಲಾ?’ ಅಂತ ಕೇಳಿದರೆ ಹದಿನೆಂಟೂ ಮಕ್ಕಳು ‘ಹೌದ್ರೀ’ ಅಂತ ರಾಗ ಎಳೀತಾವು, ಕಲಿತದ್ದು ಸೊನ್ನೆ. ಇಬ್ಬಿಬ್ಬರನ್ನೇ ಎಬ್ಬಿಸಿ ಆ ಮಾತು ಆಡಿಸಬೇಕು. ದಿನಾ ಬಡಿಯುವ ಹುಡುಗನಿಗೆ ಗುಂಡ್ಯಾನ ಪಾತ್ರ ಕೊಡಬ್ಯಾಡ್ರಿ, ಹೆಸರು ಅಂಟಿಬಿಡತೈತಿ. ಇನ್ನೊಂದು, ಬಹಳ ಮಂದಿ ತಪ್ಪೋದು ಇಲ್ಲೇ: ಕೂಸು ಬಡಿಯದೆ ಬಾಯಿಂದ ಕೇಳಿದಾಗ ನೀವು ನಿಂತು ಅದರ ಪಾಳಿ ಕೊಡಿಸಲೇಬೇಕು. ಮಾತಿಗೆ ಚೆಂಡು ಸಿಗಲಿಲ್ಲ ಅಂದರೆ ಮತ್ತೆ ಕೈಯೇ ಎತ್ತತೈತಿ.

ಪಾಳಿ ಕಲಿಸಾಕ ಪಂಚಮಿ ಜೋಕಾಲಿಗಿಂತ ಚಲೋ ಸಾಧನ ಇಲ್ಲ. ‘ಐದು ನಿಮಿಷ ತಡಿ’ ಅಂದರೆ ಮೂರು ವರ್ಷದ ಕೂಸಿಗೆ ಏನೂ ತಿಳಿಯೋದಿಲ್ಲ. ‘ಹತ್ತು ಜೀಕು’ ಅಂದರೆ ತಿಳಿತೈತಿ, ಯಾಕಂದರೆ ಮುಗಿಯೋದು ಕಿವಿಗೇ ಕೇಳಿಸತೈತಿ. ಕಾಯುವವರೇ ಜೋರಾಗಿ ಎಣಿಸಲಿ; ಸುಮ್ಮನೆ ನಿಂತ ಕೂಸೇ ಮೊದಲು ತಳ್ಳೋದು. ಪಾಳಿ ಯಾರದು ಅಂತ ಗೊತ್ತಾಗಾಕ ಚಪ್ಪಲಿ ಸಾಲಾಗಿ ಇಡಿಸ್ರಿ. ಒಂದು ಹಗ್ಗಕ್ಕೆ ನಾಲ್ಕೇ ಮಕ್ಕಳು. ಅದಕ್ಕಿಂತ ಹೆಚ್ಚಾದರೆ ಕಾಯೋದು ಉದ್ದಾಗಿ ರೊಳ್ಳಿ ಶುರು. ಉಳಿದವರನ್ನು ಸಹಾಯಕಿ ಬೇರೆ ಆಟಕ್ಕೆ ಹಚ್ಚಲಿ.

ಮಣ್ಣೆತ್ತಿನ ಅಮವಾಸಿಗೆ ಎತ್ತು ಮಾಡಿಸುವಾಗ ಎರಿಮಣ್ಣು ಎಲ್ಲರಿಗೂ ನಿಂಬೆಹಣ್ಣಿನಷ್ಟು ಕೊಟ್ಟು, ನೀರಿನ ಬಟ್ಟಲು ಮಾತ್ರ ಇಬ್ಬರಿಗೊಂದು ಇಡ್ರಿ. ಹಂಚಿಕೊಳ್ಳೋದು ಒಂದೇ ವಸ್ತು ಇರಲಿ. ಮಣ್ಣನ್ನೂ ಹಂಚಿಕೋ ಅಂದರೆ ಎತ್ತೂ ಆಗೋದಿಲ್ಲ, ಗೆಳೆತನವೂ ಉಳಿಯೋದಿಲ್ಲ.

ಸಿಟ್ಟು ಇಳಿಸಾಕ: ಅಂಗೈಯನ್ನು ಬಿಸಿ ರೊಟ್ಟಿ ಅಂದುಕೊಂಡು ಮೂರು ಸಲ ನಿಧಾನಕ್ಕೆ ಊದಿಸ್ರಿ. ಖುಷಿಯಾಗಿದ್ದಾಗ ರೂಢಿ ಮಾಡಿಸಿರಬೇಕು. ಅಳುವಾಗ ಹೊಸದಾಗಿ ಹೇಳಿಕೊಟ್ಟರೆ ಕೈಗೇ ಕಚ್ಚತಾವು. ತಾಂಡಾದ ಮಕ್ಕಳಿದ್ದರೆ ಸಿಟ್ಟು, ಅಂಜಿಕೆಗೆ ಲಂಬಾಣಿಯಲ್ಲಿ ಏನಂತಾರೆ ಅಂತ ಅವರ ಅವ್ವನನ್ನೇ ಕೇಳಿ ಆ ಮಾತು ಬಳಸ್ರಿ.

ಹೆಸರು ಕರೆದರೂ ತಿರುಗದ, ನಾಲ್ಕು ವರ್ಷವಾದರೂ ಎರಡು ಮಾತು ಜೋಡಿಸದ ಕೂಸಿನ ಸಿಟ್ಟು ಬೇರೆ. ಮೊದಲು ಕಿವಿ ತೋರಿಸಬೇಕು. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರಕಾರಿ ಆರ್‌ಬಿಎಸ್‌ಕೆ ತಂಡಕ್ಕೆ ಹೇಳ್ರಿ. ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ, ನರರೋಗದ ಆಸ್ಪತ್ರೆ ಡಿಮ್ಹಾನ್ಸ್ ಐತಿ.