ಶಿರಸಿಯಿಂದ ಬೋರ್ಡೋಗೆ: ತೋಟದ ಮನೆಯವಳು ನೋಡಬೇಕಾದದ್ದು

ತಂಗಿ, ತುಲೂಸ್‌ನಲ್ಲಿ ಓದುತ್ತಿರುವ ನೀನು ಸೆಪ್ಟೆಂಬರ್ ಕೊನೆಯಲ್ಲಿ ಮೂರು ದಿನ ಫ್ರಾನ್ಸಿನ ವೈನ್ ಸೀಮೆ ಬೋರ್ಡೋಗೆ ಹೊರಟಿದ್ದೀಯ, ವೈನ್ ಕುಡಿಯದವರು ಅಲ್ಲಿ ಏನು ನೋಡಬೇಕು ಎಂದು ಈ ಗುಂಪಿನಲ್ಲಿ ಕೇಳಿದ್ದೀಯ. ಶಿರಸಿಯ ಅಡಿಕೆ ತೋಟದಲ್ಲಿ ಬೆಳೆದವಳಿಗೆ ಅಲ್ಲಿ ನೋಡುವುದು ಬೇಕಾದಷ್ಟಿದೆ. ಬಾಟಲಿ ಬಿಟ್ಟು ಬಳ್ಳಿಯ ಬುಡಕ್ಕೆ ಹೋಗು.

ಪ್ರತಿ ಮಳೆಗಾಲ ಕೊಳೆರೋಗಕ್ಕೆಂದು ನಿಮ್ಮ ಮನೆಯಲ್ಲಿ ಅಡಿಕೆ ಕೊನೆಗಳಿಗೆ ಹೊಡೆಯುವ ಮದ್ದು, ಬೋರ್ಡೋ ದ್ರಾವಣ, ಹುಟ್ಟಿದ್ದು ಆ ಸೀಮೆಯಲ್ಲೇ. ಮೆಡಾಕ್ ಭಾಗದ ರೈತರು ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆಯಂಚಿನ ಸಾಲುಗಳಿಗೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಎರಚುತ್ತಿದ್ದರು. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ದೆ ಅಲ್ಲಿನ ಸ್ಯಾಂ ಜೂಲಿಯಾಂ ಊರಿನಲ್ಲಿ ಗಮನಿಸಿದ್ದು ಇದನ್ನೇ: ಬೂಜುತುಪ್ಪಟ ರೋಗ ಬಂದು ಬೇರೆ ಬಳ್ಳಿಗಳ ಎಲೆಯೆಲ್ಲ ಉದುರಿದ್ದರೂ ಅಂಚಿನ ಸಾಲುಗಳು ಹಸಿರಾಗಿದ್ದವು. ಪ್ರಯೋಗ ನಡೆಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ರೋಗಾಣುವೂ ಅಡಿಕೆಯ ಕೊಳೆ ತರುವ ಫೈಟೊಫ್ತೊರಾವೂ ಹತ್ತಿರದ ಸಂಬಂಧಿಗಳಾದ್ದರಿಂದಲೇ ಅದೇ ಮದ್ದು ನಮಗೂ ಒದಗಿತು.

ಆದ್ದರಿಂದ ಮೊದಲ ದಿನ ಮೆಡಾಕ್‌ಗೆ ಮೀಸಲಿಡು. ಬೋರ್ಡೋದಿಂದ ಮಾರ್ಗೋ ಮೂಲಕ ಪೊಯಾಕ್‌ಗೆ ಪ್ರಾದೇಶಿಕ ರೈಲು ಇದೆ. 1855ರಲ್ಲಿ ನಡೆದ ವೈನ್ ತೋಟಗಳ ಶ್ರೇಣೀಕರಣದಲ್ಲಿ ಹೆಸರು ಪಡೆದ ಭವ್ಯ ಬಂಗಲೆಗಳನ್ನು ಹೊರಗಿನಿಂದ ನೋಡಿದರೂ ಸಾಕು, ಒಳಗಿನ ಭೇಟಿ ವಿದ್ಯಾರ್ಥಿಯ ಕೈಗೆ ದುಬಾರಿ. ಮಣ್ಣನ್ನು ಮಾತ್ರ ಬಗ್ಗಿ ನೋಡು: ಬರೀ ನೊರಜುಗಲ್ಲು. ನೀರು ನಿಲ್ಲದ ಆ ನೆಲ ಕಬೆರ್ನೆ ಸೊವಿನ್ಯೋನ್ ತಳಿಗೆ ಹಿತ. ಕೆಲವು ಸಾಲುಗಳ ತುದಿಯಲ್ಲಿ ಗುಲಾಬಿ ಗಿಡ ಕಾಣುತ್ತದೆ. ಬೂದಿರೋಗದ ಮುನ್ಸೂಚನೆಗೆಂದು ಗುಲಾಬಿ ನೆಡುವ ವಾಡಿಕೆ ಹಳೆಯದು.

ಎರಡನೆಯ ದಿನ ಸ್ಯಾಂ ಎಮಿಲಿಯೋನ್. ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀಯ, ನಿಲ್ದಾಣದಿಂದ ಊರಿಗೆ ದ್ರಾಕ್ಷಿ ತೋಟಗಳ ನಡುವೆ ನಡೆದೇ ಹೋಗಬಹುದು. ಸುಣ್ಣಕಲ್ಲು ಮತ್ತು ಜೇಡಿಮಣ್ಣಿನ ಈ ಭಾಗದಲ್ಲಿ ಮೆರ್ಲೋ ತಳಿಯದೇ ಮೇಲುಗೈ. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಇದು, ಬಂಡೆಯನ್ನೇ ಕೊರೆದು ಮಾಡಿದ ಚರ್ಚನ್ನು ತಪ್ಪಿಸಬೇಡ. ಇಲ್ಲಿ ಯಾವುದಾದರೂ ಸಣ್ಣ ಕುಟುಂಬದ ತೋಟಕ್ಕೆ ಮೊದಲೇ ಇಮೇಲ್ ಬರೆದು ಸಮಯ ಗೊತ್ತುಮಾಡಿಕೊ. ಸೆಪ್ಟೆಂಬರ್ ಕೊನೆ ಕೊಯ್ಲಿನ ಕಾಲ. ನಮ್ಮಲ್ಲಿ ಕೊನೆಕೊಯ್ಲಿನ ದಿನ ನೆಂಟರು ಬಂದರೆ ಹೇಗೋ ಅವರಿಗೂ ಹಾಗೆಯೇ, ಹಲವರು ಆಗ ಭೇಟಿ ನಿಲ್ಲಿಸಿರುತ್ತಾರೆ. ಅಡಿಕೆ ಬೆಳೆಗಾರರ ಮಗಳು, ಕೊಯ್ಲು ನೋಡಬೇಕು ಎಂದು ಎರಡು ಸಾಲು ಬರೆ, ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚುತ್ತದೆ. ರುಚಿ ನೋಡಲು ಕೊಟ್ಟದ್ದನ್ನು ನುಂಗಲೇಬೇಕೆಂದಿಲ್ಲ. ಉಗುಳಲೆಂದೇ ಪಾತ್ರೆ ಇಟ್ಟಿರುತ್ತಾರೆ, ವೃತ್ತಿಯವರೂ ಹಾಗೆಯೇ ಮಾಡುತ್ತಾರೆ. ಬೇಡವೆಂದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಅಲ್ಲಿ ಕಸಿಯ ಬಗ್ಗೆಯೂ ಕೇಳು. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರು ಕೀಟ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿದಾಗ ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ತಮ್ಮ ತಳಿಗಳನ್ನು ಕಟ್ಟಿ ಉಳಿಸಿಕೊಂಡರು. ಸೊರಗು ರೋಗಕ್ಕೆ ಹೆದರಿ ನಾವು ಹಿಪ್ಪಲಿಯ ಮೇಲೆ ಕಾಳುಮೆಣಸು ಕಸಿ ಕಟ್ಟುವುದೂ ಇದೇ ಉಪಾಯ.

ಮೂರನೆಯ ದಿನ ಸಿಹಿ ವೈನ್‌ಗೆ ಹೆಸರಾದ ಸೋತೆರ್ನ್‌ಗೆ ಹೋಗಲು ಸಾಧ್ಯವಾದರೆ ಬಿಡಬೇಡ. ಸಿರೋನ್ ಎಂಬ ತಣ್ಣನೆಯ ಹೊಳೆ ಗರೋನ್ ನದಿಗೆ ಸೇರುವಲ್ಲಿ ಬೆಳಗಿನ ಮಂಜು ಕಟ್ಟುತ್ತದೆ, ಹಣ್ಣಿಗೆ ಬೊಟ್ರಿಟಿಸ್ ಶಿಲೀಂಧ್ರ ಹತ್ತುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಣ್ಣು ಒಣಗಿ ಸಕ್ಕರೆ ಗಟ್ಟಿಯಾಗುತ್ತದೆ. ಕೊಳೆತ ಹಣ್ಣನ್ನೇ ಆರಿಸಿ ಹಲವು ಸುತ್ತು ಕೊಯ್ಯುತ್ತಾರೆ. ಕೊಳೆಯೊಡನೆ ಹೋರಾಡುತ್ತಲೇ ಬದುಕುವ ನಮ್ಮಂಥವರಿಗೆ ಇದಕ್ಕಿಂತ ಬೆರಗಿನ ಬೇಸಾಯ ಇನ್ನೊಂದಿಲ್ಲ. ಅಲ್ಲಿ ರೈಲು ನಿಲ್ದಾಣವಿಲ್ಲ, ಲಾಂಗೋನ್‌ವರೆಗೆ ರೈಲಿನಲ್ಲಿ ಹೋಗಿ ಸೈಕಲ್ ಅಥವಾ ಟ್ಯಾಕ್ಸಿ ಹಿಡಿ. ಮಳೆ ಬಂದರೆ ಬೋರ್ಡೋದಲ್ಲೇ ಉಳಿದು 2016ರಲ್ಲಿ ತೆರೆದ ವೈನ್ ವಸ್ತುಸಂಗ್ರಹಾಲಯ ಸಿಟೆ ದ್ಯು ವೆನ್ ನೋಡು.

ಊಟದ ವಿಷಯ: ಕನೆಲೆ ಎಂಬ ಅಲ್ಲಿನ ಸಿಹಿತಿಂಡಿಯಲ್ಲಿ ಮೊಟ್ಟೆಯೂ ರಮ್ಮೂ ಇರುತ್ತವೆ, ಗೊತ್ತಿರಲಿ.

ನನಗಾಗಿ ಒಂದು ಪ್ರಶ್ನೆ ಕೇಳಿಕೊಂಡು ಬಾ. ಮೈಲುತುತ್ತಿನ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಸೇರುತ್ತಲೇ ಇರುತ್ತದೆ. ಅದಕ್ಕೇ ಯುರೋಪಿನ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರದ ಮಿತಿ ಹಾಕಿದೆ. ಮಳೆ ಜಾಸ್ತಿಯಾದ ವರ್ಷ ಆ ಮಿತಿಯೊಳಗೆ ಹೇಗೆ ನಿಭಾಯಿಸುತ್ತಾರೆ, ಯಾವಾಗ ಹೊಡೆಯುತ್ತಾರೆ, ಎಷ್ಟು ತೆಳು ಮಾಡುತ್ತಾರೆ? ಸಿಕ್ಕ ಉತ್ತರವನ್ನು ಈ ಗುಂಪಿನಲ್ಲಿ ಬರೆ.