ವೆನೆಸ್ಸಾ ಸೆಲ್‌ಬ್ಸ್ಟ್ ಯಾರು? ಅಷ್ಟು ಗೆದ್ದವರು ಪೋಕರ್ ಬಿಟ್ಟಿದ್ದೇಕೆ?

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1984ರಲ್ಲಿ ಹುಟ್ಟಿದ ಅಮೆರಿಕದ ಪೋಕರ್ (ಪಣ ಕಟ್ಟಿ ಆಡುವ ಇಸ್ಪೀಟಾಟ) ಆಟಗಾರ್ತಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಮೊದಲು ರಾಜ್ಯಶಾಸ್ತ್ರ, ಆಮೇಲೆ ಕಾನೂನು ಓದಿದರು. ಓದಿನ ಜೊತೆಜೊತೆಗೇ ಇಸ್ಪೀಟೂ ನಡೆದಿತ್ತು.

ಪೋಕರ್‌ನ ದೊಡ್ಡ ಕೂಟವಾದ ವರ್ಲ್ಡ್ ಸೀರೀಸ್‌ನಲ್ಲಿ ಗೆದ್ದವರಿಗೆ ಚಿನ್ನದ ಕೈಕಡಗ ಕೊಡುತ್ತಾರೆ. ಇವರು ಮೂರು ಗೆದ್ದರು: 2008, 2012, 2014. ಮೂರೂ ಹೆಂಗಸರಿಗೆಂದೇ ಇಟ್ಟ ಪಂದ್ಯಗಳಲ್ಲ, ಎಲ್ಲರೂ ಆಡುವಂಥವು. ಜಗತ್ತಿನ ಆಟಗಾರರಿಗೆ ಸ್ಥಾನ ಕೊಡುವ ಗ್ಲೋಬಲ್ ಪೋಕರ್ ಇಂಡೆಕ್ಸ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೂ ಏರಿದ್ದರು. ಒಟ್ಟು ಬಹುಮಾನ 1 ಕೋಟಿ 10 ಲಕ್ಷ ಡಾಲರಿಗೂ ಹೆಚ್ಚು. (ಇದರಲ್ಲಿ ಪ್ರವೇಶಶುಲ್ಕ ಕಳೆದಿರುವುದಿಲ್ಲ, ಹಾಗಾಗಿ ಇದನ್ನೇ ಲಾಭ ಅಂದುಕೊಳ್ಳಬೇಡಿ.)

ಇವರ ಆಟ ನುಗ್ಗುವ ಆಟ. 2006ರಲ್ಲಿ ಟಿವಿ ಕ್ಯಾಮೆರಾ ಎದುರೇ ಐದು-ಎರಡರಂಥ ಬಡಕಲು ಎಲೆ ಹಿಡಿದು ಇದ್ದಬದ್ದ ಪಣದ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದರು. ಎದುರಾಳಿಯ ಕೈಯಲ್ಲಿ ಜೋಡಿ ಎಕ್ಕ! ಆವತ್ತು ಮುಳುಗಿದರು, ಆದರೆ ಹೆಸರಾಯಿತು.

2017ರ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯದಲ್ಲಿ ಜೋಡಿ ಎಕ್ಕ ಬಂದಿದ್ದು ಇವರಿಗೇ. ಎಲ್ಲರೂ ಬಳಸಬಹುದಾದ, ಮೇಜಿನ ಮೇಲೆ ಬಿಚ್ಚಿಡುವ ಎಲೆಗಳಲ್ಲಿ ಮೊದಲು ಎಕ್ಕ, ಏಳು, ಐದು. ನಾಲ್ಕನೆಯದು ಮತ್ತೆ ಏಳು. ಮೂರು ಎಕ್ಕ, ಎರಡು ಏಳು ಸೇರಿ ಎಕ್ಕದ ಫುಲ್ ಹೌಸ್ ಆಯಿತು, ಇದನ್ನು ಹಿಡಿದು ಯಾರು ಸೋಲುತ್ತಾರೆ? ಆದರೆ ಎದುರು ಕೂತಿದ್ದ ಫ್ರಾನ್ಸಿನ ಗಾಯೆಲ್ ಬೌಮನ್ ಕೈಯಲ್ಲಿ ಉಳಿದೆರಡು ಏಳು; ನಾಲ್ಕೂ ಏಳು ಸೇರಿದರೆ ಫುಲ್ ಹೌಸ್‌ಗಿಂತ ಮೇಲು. ಮೊದಲ ದಿನವೇ ಮನೆಗೆ.

ಬಿಟ್ಟಿದ್ದು ಈ ಸೋಲಿಗಲ್ಲ. ಆನ್‌ಲೈನ್ ಪೋಕರ್‌ಗೆ ಅಮೆರಿಕದಲ್ಲಿ 2011ರಲ್ಲೇ ಬಲವಾದ ಪೆಟ್ಟು ಬಿದ್ದಿತ್ತು. ಎದುರಾಳಿಗಳೂ ಲೆಕ್ಕಾಚಾರದಲ್ಲಿ ಪಳಗಿದ್ದರು. 2017ರ ಕೊನೆಗೆ ಆಟ ನಿಲ್ಲಿಸಿ ಬ್ರಿಜ್‌ವಾಟರ್ ಎಂಬ ಹೂಡಿಕೆ ಸಂಸ್ಥೆ ಸೇರಿದರು. ಜೂಜು ಬಿಟ್ಟು ಷೇರುಪೇಟೆಗೆ ಹೋದರು ಅಂತ ನೀವು ನಗಬಹುದು, ನಾನೂ ನಕ್ಕಿದ್ದೆ.